ನೂರು ವ್ಯಾಟಿನ ಟಿವಿ: ಟವರ್ ನಮ್ಮೂರಲ್ಲಿತ್ತು, ಸ್ವಿಚ್ ಎಲ್ಲಿತ್ತು?

2021ರ ಅಕ್ಟೋಬರ್‌ನಲ್ಲಿ ಕಲಬುರಗಿ ದೂರದರ್ಶನ ಮುಚ್ಚಿಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ಅಸ್ಸಾಮಿನ ಸಿಲ್ಚಾರ್ ಕೇಂದ್ರದ ಬಗ್ಗೆಯೂ ಅದೇ ಮಾತು. ಪ್ರಸಾರ ಭಾರತಿ ಸ್ಪಷ್ಟನೆ ಕೊಡಬೇಕಾಯಿತು: ನಿಲ್ಲಿಸುತ್ತಿರುವುದು ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ಮಾತ್ರ, ಕೇಂದ್ರಗಳು ಕಾರ್ಯಕ್ರಮ ತಯಾರಿಸುತ್ತಲೇ ಇರುತ್ತವೆ, ಅವು ಆಯಾ ರಾಜ್ಯದ ಡಿಡಿ ಚಾನೆಲ್‌ನಲ್ಲಿ, ಯೂಟ್ಯೂಬಿನಲ್ಲಿ ಬರುತ್ತವೆ. ಮುಚ್ಚುವ ವೇಳಾಪಟ್ಟಿಯೂ ಅದರ ಜೊತೆಗೇ ಇತ್ತು. ಅಕ್ಟೋಬರ್ 31ರೊಳಗೆ 152, ಡಿಸೆಂಬರ್ 31ರೊಳಗೆ 109, 2022ರ ಮಾರ್ಚ್ 31ರೊಳಗೆ 151. ಗಡಿ ಮುಂತಾದ ಆಯಕಟ್ಟಿನ ಜಾಗಗಳ ಸುಮಾರು 50 ಟ್ರಾನ್ಸ್‌ಮಿಟರ್ ಬಿಟ್ಟು ಉಳಿದದ್ದೆಲ್ಲ ಬಂದ್. ಅಷ್ಟು ಹೊತ್ತಿಗಾಗಲೇ ನೂರಕ್ಕೆ 70ರಷ್ಟು ನಿಂತುಹೋಗಿದ್ದವು, ಯಾರೂ ಗಮನಿಸಿರಲಿಲ್ಲ.

ಸ್ಪಷ್ಟನೆ ತಾಂತ್ರಿಕವಾಗಿ ಸರಿಯಾಗಿಯೇ ಇತ್ತು. ಆದರೆ ಜನ ಗೊಂದಲಪಟ್ಟಿದ್ದರಲ್ಲೂ ತಪ್ಪಿಲ್ಲ. ಟ್ರಾನ್ಸ್‌ಮಿಟರ್ ಬೇರೆ, ಟಿವಿ ಕೇಂದ್ರ ಬೇರೆ ಎಂಬುದನ್ನು ನಮ್ಮ ದೇಶ 40 ವರ್ಷ ಯಾರಿಗೂ ಬಿಡಿಸಿ ಹೇಳಲಿಲ್ಲ. ತಾಲ್ಲೂಕು ಊರಿನ ಹೊರವಲಯದಲ್ಲಿ ಕೆಂಪು-ಬಿಳಿ ಬಣ್ಣದ ಟವರ್ ಎದ್ದರೆ 'ನಮ್ಮೂರಿಗೂ ಟಿವಿ ಸ್ಟೇಷನ್ ಬಂತು' ಅನ್ನುತ್ತಿದ್ದರು. ಬಂದದ್ದು ಸ್ಟೇಷನ್ ಅಲ್ಲ, ಬೇರೆಡೆ ತಯಾರಾದ ಕಾರ್ಯಕ್ರಮವನ್ನು ಹಿಡಿದು ಮರುಪ್ರಸಾರ ಮಾಡುವ ರಿಲೇ. ದೂರದರ್ಶನ ತನ್ನ ಉತ್ತುಂಗದಲ್ಲಿ ಹೊಂದಿದ್ದ ಸುಮಾರು 1,400 ಟ್ರಾನ್ಸ್‌ಮಿಟರುಗಳ ಬಹುಪಾಲು ಕಡಿಮೆ ಶಕ್ತಿಯವು, ಒಂದೊಂದು ಊರಿಗೆ ಸಾಲುವಂಥವು. ಹಾಗಿದ್ದೂ, ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್ ತನ್ನ ಸುತ್ತಲಿನ ಜನರಿಗಾಗಿ, ಅವರದೇ ವಿಷಯ ಹೇಳಿದ ಪ್ರಸಂಗ ಎಂದು ಹುಡುಕಿದರೆ ಗಟ್ಟಿಯಾಗಿ ಸಿಗುವುದು ಗುಜರಾತಿನ ಪೀಜ್ ಒಂದೇ. ಈಗ ಟಿವಿಯ ತರಂಗಗಳಲ್ಲಿ ಮೊಬೈಲಿಗೆ ನೇರ ಪ್ರಸಾರ ತರುವ ಮಾತು ನಡೆದಿರುವಾಗ, ಊರಿನ ಟವರ್ ಏನು ಹೇಳಬೇಕೆಂದು ತೀರ್ಮಾನಿಸುವವರು ಯಾರು ಎಂಬ ಹಳೆಯ ಪ್ರಶ್ನೆ ಮತ್ತೆ ಎದುರಿಗಿದೆ.

ಡಬ್ಬಿಯೊಳಗೆ ಏನಿತ್ತು

ಎಲ್‌ಪಿಟಿ ಎಂದರೆ ಲೋ ಪವರ್ ಟ್ರಾನ್ಸ್‌ಮಿಟರ್. 80ರ ದಶಕದಲ್ಲಿ ಅದರ ಅಳತೆ 100 ವ್ಯಾಟ್. ಮುಂದೆ ಹಲವನ್ನು 500 ವ್ಯಾಟಿಗೆ ಏರಿಸಿದರು. ಕಣಿವೆಯ ಊರುಗಳಿಗೆ 10 ವ್ಯಾಟಿನದೂ ಇತ್ತು, ಅದು ವಿಎಲ್‌ಪಿಟಿ. ಒಂದು ಸಣ್ಣ ಕಟ್ಟಡ, ಪಕ್ಕದಲ್ಲಿ ಡೀಸೆಲ್ ಜನರೇಟರಿನ ಶೆಡ್, ಅಂಗಳದಲ್ಲಿ ಆಕಾಶಕ್ಕೆ ಮುಖ ಮಾಡಿದ ಡಿಶ್, ಟವರ್. ಒಳಗೆ ಬೀರುವಿನಂಥ ಎರಡು ಪೆಟ್ಟಿಗೆ: ಒಂದು ಪ್ರಸಾರದಲ್ಲಿ, ಇನ್ನೊಂದು ಅದು ಕೈಕೊಟ್ಟರೆ ಇರಲಿ ಎಂದು.

ಉಪಗ್ರಹದಿಂದ ಬಂದ ಸಿಗ್ನಲ್ಲನ್ನು ಡಿಶ್ ಹಿಡಿದು ರಿಸೀವರಿಗೆ ಕೊಡುತ್ತದೆ. ರಿಸೀವರ್ ಚಿತ್ರವನ್ನೂ ಧ್ವನಿಯನ್ನೂ ಬೇರೆ ಮಾಡುತ್ತದೆ. ಚಿತ್ರದ ಸಿಗ್ನಲ್ ಒಟ್ಟು 1 ವೋಲ್ಟ್. ಅದರಲ್ಲಿ 0.7 ವೋಲ್ಟ್ ಚಿತ್ರಕ್ಕೆ, 0.3 ವೋಲ್ಟ್ 'ಸಿಂಕ್' ಎನ್ನುವ ತಾಳಕ್ಕೆ. ಪ್ರತಿ ಗೆರೆ ಎಲ್ಲಿ ಶುರುವಾಗಬೇಕೆಂದು ಮನೆಯ ಟಿವಿಗೆ ಹೇಳುವುದು ಈ ಸಿಂಕ್. ಎಕ್ಸೈಟರ್ ಎಂಬ ಘಟಕ ಚಿತ್ರವನ್ನು 38.9 ಮೆಗಾಹರ್ಟ್ಸ್ ಮೇಲೂ ಧ್ವನಿಯನ್ನು 33.4 ಮೆಗಾಹರ್ಟ್ಸ್ ಮೇಲೂ ಕೂರಿಸುತ್ತದೆ. ಇವೆರಡರ ನಡುವಿನ 5.5 ಮೆಗಾಹರ್ಟ್ಸ್ ಅಂತರ ಕೊನೆಯವರೆಗೂ ಕದಲಬಾರದು. ನಂತರ ಚಿತ್ರದ ಒಂದು ಪಕ್ಕವನ್ನು ಫಿಲ್ಟರ್ ಕತ್ತರಿಸಿ ಎಲ್ಲವೂ 7 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಹಿಡಿಯುವಂತೆ ಮಾಡುತ್ತದೆ. ಆಮೇಲೆ ಅದನ್ನು ಆ ಊರಿಗೆ ಕೊಟ್ಟ ಚಾನೆಲ್‌ಗೆ ಎತ್ತುತ್ತಾರೆ: 2ರಿಂದ 4ರವರೆಗಿನ ಚಾನೆಲ್‌ಗಳು 47ರಿಂದ 68 ಮೆಗಾಹರ್ಟ್ಸ್‌ನಲ್ಲಿ, 5ರಿಂದ 12ರವರೆಗಿನವು 174ರಿಂದ 230ರಲ್ಲಿ. ಕೊನೆಗೆ ಪವರ್ ಆಂಪ್ಲಿಫೈಯರ್. 100 ವ್ಯಾಟ್ ಎಂದು ಹೇಳುವುದು ಚಿತ್ರದ ಗರಿಷ್ಠ ಶಕ್ತಿ. ಧ್ವನಿಗೆ ಅದರ ಹತ್ತನೇ ಒಂದು ಪಾಲು, 10 ವ್ಯಾಟ್.

ಮನೆಯ ಮೇಲಿನ ಆಂಟೆನಾ ಗಾತ್ರ ಕೂಡ ಇಲ್ಲಿಂದಲೇ ತೀರ್ಮಾನವಾಗುತ್ತಿತ್ತು. 62 ಮೆಗಾಹರ್ಟ್ಸ್ ಆಸುಪಾಸಿನ ಚಾನೆಲ್‌ಗೆ ಅರ್ಧ ತರಂಗದ ಕಡ್ಡಿ ಎರಡು ಮೀಟರಿಗಿಂತ ಉದ್ದ. 200 ಮೆಗಾಹರ್ಟ್ಸ್‌ಗೆ ಮುಕ್ಕಾಲು ಮೀಟರೂ ಬೇಡ. 4ನೇ ಚಾನೆಲ್‌ನ ಊರಿನಲ್ಲಿ ಹೆಂಚಿನ ಮನೆಗಳ ಮೇಲೆ ಆ ದೊಡ್ಡ ಅಲ್ಯೂಮಿನಿಯಂ ಏಣಿಗಳು, ಅವುಗಳ ಮೇಲೆ ಕಾಗೆ. ನಾಲ್ಕು ಕಾಗೆ ಕೂತು ಎದ್ದರೆ ಆಂಟೆನಾ ತಿರುಗಿ ಚಿತ್ರ ಮಸುಕು.

ಕೆಟ್ಟದ್ದು ಎಲ್ಲಿ ಎಂದು ಪರದೆ ನೋಡಿಯೇ ಹೇಳಬಹುದಿತ್ತು. 'ರುಕಾವಟ್ ಕೇ ಲಿಯೇ ಖೇದ್ ಹೈ' (ಅಡಚಣೆಗೆ ವಿಷಾದಿಸುತ್ತೇವೆ) ಫಲಕ ಸ್ಪಷ್ಟವಾಗಿ ಕಾಣುತ್ತಿದೆ ಎಂದರೆ ನಿಮ್ಮೂರಿನ ಎಲ್‌ಪಿಟಿ ಆರೋಗ್ಯವಾಗಿಯೇ ಇದೆ, ತೊಂದರೆ ಕಾರ್ಯಕ್ರಮ ಹೊರಟ ಕಡೆ. ಪರದೆ ತುಂಬ ಚುಕ್ಕಿ, ಸ್ಪೀಕರಿನಲ್ಲಿ ಜುಯ್ ಎಂಬ ಸದ್ದು ಅಂದರೆ ಟ್ರಾನ್ಸ್‌ಮಿಟರ್ ನಿಂತಿದೆ, ಇಲ್ಲವೇ ನಿಮ್ಮ ವೈರ್ ಕಳಚಿದೆ. ಚುಕ್ಕಿಯೂ ಇಲ್ಲ, ಚಿತ್ರವೂ ಇಲ್ಲ, ಬರೀ ನಿಶ್ಶಬ್ದ ಕಪ್ಪು ಪರದೆ ಅಂದರೆ ಟ್ರಾನ್ಸ್‌ಮಿಟರ್ ಉರಿಯುತ್ತಿದೆ, ಆದರೆ ಅದಕ್ಕೆ ಚಿತ್ರ ಸಿಗುತ್ತಿಲ್ಲ. ಬಿಳಿ ಅಕ್ಷರಗಳು ಬಂದಾಗಲೆಲ್ಲ ಗುಂಯ್ ಎನ್ನುವುದು ಇನ್ನೊಂದು ಬಗೆಯ ಕಾಯಿಲೆ. ಚಿತ್ರ ಎಷ್ಟೇ ಬೆಳ್ಳಗಿದ್ದರೂ ಅದನ್ನು ಹೊತ್ತೊಯ್ಯುವ ವಾಹಕ ತರಂಗ ಶೇ 10ರಷ್ಟಾದರೂ ಉಳಿದಿರಬೇಕು. ಮಾಡ್ಯುಲೇಷನ್, ಅಂದರೆ ಆ ತರಂಗದ ಮೇಲೆ ಚಿತ್ರ ಹೇರುವ ಪ್ರಮಾಣ, ಜಾಸ್ತಿಯಾಗಿ ಅದು ಸೊನ್ನೆಗೆ ಇಳಿದರೆ, ಚಿತ್ರ-ಧ್ವನಿಗಳ ಅಂತರದಿಂದಲೇ ಧ್ವನಿ ಹೆಕ್ಕುವ ಮನೆಯ ಟಿವಿಗೆ ಆಸರೆ ತಪ್ಪುತ್ತದೆ. ಚಿತ್ರ ಮೇಲಕ್ಕೂ ಕೆಳಕ್ಕೂ ಉರುಳುತ್ತಿದ್ದರೆ ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿ ಸಿಂಕ್ ಚಪ್ಪಟೆಯಾಗಿದೆ ಎಂದು ಅರ್ಥ. ಇವೆರಡನ್ನೂ ಗುಂಡಿ ತಿರುಗಿಸಿ ಸರಿಮಾಡಬಹುದು, ತಿರುಗಿಸಲು ತಿಳಿದವರು ಅಲ್ಲಿದ್ದರೆ.

ಮಳೆಗಾಲದ ಶತ್ರು ಟವರಿನ ಮೇಲಿನ ಕನೆಕ್ಟರ್. ಅದರೊಳಗೆ ನೀರು ಹೋದರೆ ಮೇಲೆ ಹೋಗಬೇಕಾದ ಶಕ್ತಿಯಲ್ಲಿ ಒಂದಿಷ್ಟು ಹಿಂದಿರುಗಿ ಬರುತ್ತದೆ, ಟ್ರಾನ್ಸ್‌ಮಿಟರ್ ತನ್ನ ರಕ್ಷಣೆಗೆ ಶಕ್ತಿ ಇಳಿಸುತ್ತದೆ ಅಥವಾ ಟ್ರಿಪ್ ಆಗುತ್ತದೆ. ಸಿಬ್ಬಂದಿ ಮತ್ತೆ ಆನ್ ಮಾಡುತ್ತಾರೆ, ಮತ್ತೆ ಟ್ರಿಪ್. ಟವರ್ ಹತ್ತಿ ಕನೆಕ್ಟರ್ ಬಿಚ್ಚಿ ಒಣಗಿಸಿ ಟೇಪ್ ಸುತ್ತುವವರೆಗೆ ಇದೇ ಕಥೆ. ಅದರ ಜೊತೆಗೆ ಸಿಡಿಲು, ಕರೆಂಟಿನ ಏರಿಳಿತ. ಮಾರ್ಚ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೆಲವು ದಿನ ಸೂರ್ಯ ಉಪಗ್ರಹದ ಬೆನ್ನಿಗೇ ಬಂದು ನಿಂತು ಡಿಶ್‌ನ ಕಣ್ಣು ಕೆಲವು ನಿಮಿಷ ಕುಕ್ಕುವುದೂ ಇತ್ತು. ಅದಕ್ಕೆ ಮಾತ್ರ ಯಾರನ್ನೂ ಬಯ್ಯುವಂತಿರಲಿಲ್ಲ.

ಇಷ್ಟೆಲ್ಲ ಇದ್ದ ಆ ಕಟ್ಟಡದಲ್ಲಿ ಇಲ್ಲದ್ದು ಕ್ಯಾಮೆರಾ ಮತ್ತು ಸ್ಟುಡಿಯೊ. ಊರಿನ ಕೆರೆ ಒಡೆದರೂ ಊರಿನ ಟವರ್ ಅದನ್ನು ಹೇಳಲಾರದು, ದಿಲ್ಲಿ ಅಥವಾ ಬೆಂಗಳೂರು ಹೇಳಿದರೆ ಮಾತ್ರ ಅದಕ್ಕೂ ಬಾಯಿ ಬರುತ್ತದೆ.

16 ಪಟ್ಟಿನ ಲೆಕ್ಕ

ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್ ಎಂದರೆ ಬಡವರ ಟ್ರಾನ್ಸ್‌ಮಿಟರ್ ಎಂಬ ಭಾವನೆ ಇದೆ. ಭೌತಶಾಸ್ತ್ರ ಹಾಗೆ ಹೇಳುವುದಿಲ್ಲ. ಬಯಲುಸೀಮೆಯಲ್ಲಿ ಟಿವಿ ಸಿಗ್ನಲ್ ಎರಡು ದಾರಿಯಲ್ಲಿ ಮನೆ ತಲುಪುತ್ತದೆ: ನೇರವಾಗಿ ಒಂದು, ನೆಲಕ್ಕೆ ಬಡಿದು ಪುಟಿದು ಇನ್ನೊಂದು. ಪುಟಿದದ್ದು ನೇರ ಬಂದದ್ದನ್ನು ಬಹುಪಾಲು ಕೊಲ್ಲುತ್ತದೆ. ಹೀಗಾಗಿ ದೂರ ಎರಡರಷ್ಟಾದರೆ ಸಿಗ್ನಲ್‌ನ ಬಲ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ವ್ಯಾಟಿನ ಲೆಕ್ಕದಲ್ಲಿ, ತಲುಪುವ ದೂರವನ್ನು ಎರಡರಷ್ಟು ಮಾಡಲು 16 ಪಟ್ಟು ಶಕ್ತಿ ಬೇಕು.

100 ವ್ಯಾಟಿನ ಎಲ್‌ಪಿಟಿ ಒಳ್ಳೆಯ ಟವರಿನ ಮೇಲಿದ್ದರೆ ಸುಮಾರು 15 ಕಿ.ಮೀ. ವರೆಗೆ ನೋಡುವಂಥ ಚಿತ್ರ ಕೊಡುತ್ತದೆ ಎಂದುಕೊಳ್ಳಿ. 30 ಕಿ.ಮೀ. ಬೇಕೆಂದರೆ 1,600 ವ್ಯಾಟ್. ವಿಸ್ತೀರ್ಣ ನಾಲ್ಕು ಪಟ್ಟಾಯಿತು. ಆದರೆ ಅದೇ ವಿಸ್ತೀರ್ಣವನ್ನು ಬೇರೆ ಬೇರೆ ಕಡೆ ನೆಟ್ಟ ನಾಲ್ಕು ಎಲ್‌ಪಿಟಿಗಳು ಒಟ್ಟು 400 ವ್ಯಾಟಿನಲ್ಲಿ ಮುಗಿಸುತ್ತವೆ. ಕರೆಂಟಿನ ಲೆಕ್ಕದಲ್ಲಿ ಸಣ್ಣ ಟ್ರಾನ್ಸ್‌ಮಿಟರೇ ಲಾಭ. ಟವರ್ ಎತ್ತರ ಎರಡರಷ್ಟಾದರೂ ಸಿಗ್ನಲ್ ಬಲ ಎರಡರಷ್ಟಾಗುತ್ತದೆ, ಅಂದರೆ ನಾಲ್ಕು ಪಟ್ಟು ವ್ಯಾಟ್ ಹಾಕಿದಂತೆ. ಎಂಜಿನಿಯರುಗಳು ವ್ಯಾಟಿಗಿಂತ ಮೊದಲು ಗುಡ್ಡ ಹುಡುಕುತ್ತಿದ್ದುದು ಇದಕ್ಕೇ.

ಲೆಕ್ಕ ಕೆಡುವುದು ಮನುಷ್ಯರ ಕಡೆ. ನಾಲ್ಕು ಟ್ರಾನ್ಸ್‌ಮಿಟರ್ ಅಂದರೆ ನಾಲ್ಕು ಕಟ್ಟಡ, ನಾಲ್ಕು ಜನರೇಟರ್, ನಾಲ್ಕು ಕಡೆ ಪಾಳಿಯ ಸಿಬ್ಬಂದಿ, ಕಾವಲುಗಾರ. ಪ್ರತಿಯೊಂದಕ್ಕೂ ಬೇರೆ ಚಾನೆಲ್ ಬೇಕು, ಇಲ್ಲದಿದ್ದರೆ ಗಡಿಯಲ್ಲಿ ಒಂದರ ಚಿತ್ರದ ಮೇಲೆ ಇನ್ನೊಂದರ ಗೆರೆ. ಮಲೆನಾಡಿನಲ್ಲಿ ಇನ್ನೊಂದು ರಗಳೆ, ಗುಡ್ಡಕ್ಕೆ ಬಡಿದು ತಡವಾಗಿ ಬರುವ ಎರಡನೇ ಚಿತ್ರ. 20 ಇಂಚಿನ ಪರದೆಯಲ್ಲಿ ಮೂಲ ಚಿತ್ರದ ಬಲಕ್ಕೆ 1 ಸೆಂ.ಮೀ. ಸರಿದು ನೆರಳು ಕಂಡರೆ, ಆ ಸಿಗ್ನಲ್ ಸುಮಾರು 400 ಮೀಟರ್ ಸುತ್ತುಹಾಕಿ ಬಂದಿದೆ ಎಂದು ಲೆಕ್ಕ. ಶಕ್ತಿ ಹೆಚ್ಚಿಸಿದರೆ ನೆರಳೂ ಅಷ್ಟೇ ಹೆಚ್ಚುತ್ತದೆ, ಆಂಟೆನಾ ತಿರುಗಿಸುವುದೊಂದೇ ದಾರಿ.

ಪೀಜ್

ಖೇಡಾ ಜಿಲ್ಲೆಯ ನಡಿಯಾದ್ ಪಕ್ಕದ ಹಳ್ಳಿ ಪೀಜ್. 1975ರಲ್ಲಿ ಇಸ್ರೊ ಅಲ್ಲಿ 1 ಕಿಲೋವ್ಯಾಟಿನ ಟ್ರಾನ್ಸ್‌ಮಿಟರ್ ಹಾಕಿತು. ಆಗಿನ್ನೂ ಮದ್ರಾಸು, ಕಲ್ಕತ್ತಗಳಿಗೆ ಟಿವಿ ಬಂದದ್ದೇ ಆ ವರ್ಷ. ಬೆಂಗಳೂರಿಗೆ ಬರಲು ಇನ್ನೂ ಆರು ವರ್ಷವಿತ್ತು. ಅಂಥ ಕಾಲದಲ್ಲಿ ಒಂದು ಹಳ್ಳಿಗೆ ಟಿವಿ ಕೇಂದ್ರ.

ಇದರ ಹಿಂದೆ ಸೈಟ್ ಎಂಬ ಪ್ರಯೋಗವಿತ್ತು. ವಿಕ್ರಮ್ ಸಾರಾಭಾಯಿ ಕಾಲದಲ್ಲಿ, 1969ರಲ್ಲಿ ನಾಸಾ ಜೊತೆ ಮಾಡಿಕೊಂಡ ಒಪ್ಪಂದದಂತೆ, ಎಟಿಎಸ್-6 ಉಪಗ್ರಹವನ್ನು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತಕ್ಕೆ ಎರವಲು ಕೊಟ್ಟಿದ್ದರು. ಆರು ರಾಜ್ಯಗಳ 2,300ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮೂರು ಮೀಟರ್ ಅಗಲದ, ಕೋಳಿಗೂಡಿನ ಜಾಲರಿಯಿಂದ ಮಾಡಿದ ಡಿಶ್ ಇಟ್ಟು 860 ಮೆಗಾಹರ್ಟ್ಸ್‌ನಲ್ಲಿ ನೇರವಾಗಿ ಉಪಗ್ರಹದಿಂದಲೇ ಟಿವಿ ತೋರಿಸಿದರು. ಖೇಡಾದಲ್ಲಿ ಮಾತ್ರ ದಾರಿ ಬೇರೆ: ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಸ್ಟುಡಿಯೊದಿಂದ ಸುಮಾರು 50 ಕಿ.ಮೀ. ಮೈಕ್ರೋವೇವ್ ಲಿಂಕ್, ಪೀಜ್‌ನಿಂದ ಸಾಮಾನ್ಯ ಟಿವಿ ಪ್ರಸಾರ. ಹಳ್ಳಿಯ ಸೆಟ್ಟಿಗೆ ಡಿಶ್ ಬೇಡ, ಮಾಮೂಲು ಆಂಟೆನಾ ಸಾಕು. ಮೇಲಿನ ಲೆಕ್ಕ ಇಲ್ಲಿ ಹಾಕಿ ನೋಡಿ: ಎಲ್‌ಪಿಟಿಗಿಂತ ಹತ್ತು ಪಟ್ಟು ಶಕ್ತಿ, ಆದರೆ ದೂರ ಎರಡು ಪಟ್ಟಿನ ಆಸುಪಾಸು ಅಷ್ಟೇ, 30-35 ಕಿ.ಮೀ. ಜಿಲ್ಲೆಗೆ ಅಷ್ಟು ಸಾಕಿತ್ತು.

ಸುಮಾರು 400 ಹಳ್ಳಿಗಳಲ್ಲಿ 600ಕ್ಕೂ ಹೆಚ್ಚು ಸಾಮೂಹಿಕ ಸೆಟ್ಟುಗಳು. ಅವನ್ನು ಎಲ್ಲಿಟ್ಟರು ಎಂಬುದರಲ್ಲೇ ಅರ್ಧ ಯಶಸ್ಸು ಅಡಗಿದೆ. ಖೇಡಾ ಅಮುಲ್‌ನ ಜಿಲ್ಲೆ. ಹಳ್ಳಿ ಹಳ್ಳಿಯಲ್ಲೂ ಹಾಲಿನ ಸೊಸೈಟಿ, ಸಂಜೆ ಹಾಲು ಹಾಕಲು ಜನ ಬಂದೇ ಬರುತ್ತಾರೆ. ಟಿವಿ ಹಲವೆಡೆ ಆ ಕಟ್ಟಡದಲ್ಲೇ ಕೂತಿತು. ಬೀಗ ಹಾಕುವವರು, ಕರೆಂಟ್ ಬಿಲ್ ಕಟ್ಟುವವರು, ಕೆಟ್ಟರೆ ಸುದ್ದಿ ಮುಟ್ಟಿಸುವವರು ಮೊದಲೇ ಇದ್ದರು. ಆದರೆ ಸೆಟ್ ಇರುವ ಜಾಗ ಯಾರ ಕೇರಿಯಲ್ಲಿದೆ ಎಂಬುದು ಯಾರು ಬಂದು ಕೂರುತ್ತಾರೆ ಎಂಬುದನ್ನೂ ತೀರ್ಮಾನಿಸುತ್ತಿತ್ತು. ಇದನ್ನು ಯಾವ ಎಂಜಿನಿಯರೂ ಸರಿಪಡಿಸಲಾರ.

ಕಾರ್ಯಕ್ರಮ ಮಾಡುವ ಕ್ರಮ ಇನ್ನೂ ವಿಶೇಷ. ಮೊದಲು ಸಮಾಜವಿಜ್ಞಾನಿಗಳು ಹಳ್ಳಿಗೆ ಹೋಗಿ ಯಾರಿಗೆ ಏನು ಗೊತ್ತಿಲ್ಲ, ಯಾರು ಏನು ಕೇಳಲು ಸಿದ್ಧರಿದ್ದಾರೆ ಎಂದು ನೋಡುವುದು, ಬಳಿಕ ಸ್ಕ್ರಿಪ್ಟ್, ಕಾರ್ಯಕ್ರಮವನ್ನು ಪ್ರಸಾರಕ್ಕೆ ಮೊದಲೇ ಕೆಲವು ಹಳ್ಳಿಗರಿಗೆ ತೋರಿಸಿ ಅರ್ಥವಾಯಿತೇ ಎಂದು ಪರೀಕ್ಷಿಸುವುದು, ಪ್ರಸಾರದ ನಂತರ ಮತ್ತೆ ಹೋಗಿ ಕೇಳುವುದು. ಸಣ್ಣ ಕ್ಯಾಮೆರಾ ಹೊತ್ತು ಹಳ್ಳಿಯಲ್ಲೇ ಚಿತ್ರೀಕರಣ, ಸ್ಥಳೀಯ ಗುಜರಾತಿ. ಹೈನುಗಾರಿಕೆ, ಆರೋಗ್ಯ ಇದ್ದೇ ಇದ್ದವು. ಅದರ ಜೊತೆಗೆ ಅಸ್ಪೃಶ್ಯತೆ, ಹೆಣ್ಣುಮಕ್ಕಳ ಸ್ಥಿತಿ, ಕೂಲಿಕಾರರಿಗೆ ಸಿಗಬೇಕಾದ ಕನಿಷ್ಠ ಕೂಲಿ. ಕೊನೆಯದು ಜಮೀನುದಾರರೂ ಕೂಲಿಯವರೂ ಒಂದೇ ಸೆಟ್ ಮುಂದೆ ಕೂತು ನೋಡುವ ವಿಷಯವಲ್ಲ, ಆದರೂ ತೋರಿಸಿದರು. ರಾಷ್ಟ್ರೀಯ ಜಾಲದಲ್ಲಿ ಇಂಥ ವಿಷಯ ಬಂದರೆ ಅದು ಎಲ್ಲರದೂ ಆಗಿ ಯಾರದೂ ಆಗದೆ ಹೋಗುತ್ತದೆ. ಜಿಲ್ಲೆಯ ಟಿವಿಯಲ್ಲಿ ಬಂದರೆ ನಮ್ಮ ಪಕ್ಕದ ಹೊಲದ ಮಾತು. 1984ರಲ್ಲಿ ಖೇಡಾ ಯೋಜನೆಗೆ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೊ-ಐಪಿಡಿಸಿ (ಸಂವಹನ ಅಭಿವೃದ್ಧಿಯ ಅಂತರರಾಷ್ಟ್ರೀಯ ಕಾರ್ಯಕ್ರಮ) ಪ್ರಶಸ್ತಿ ಬಂತು.

ಅದರ ಮರುವರ್ಷ, 1985ರಲ್ಲಿ, ಪೀಜ್‌ನ ಟ್ರಾನ್ಸ್‌ಮಿಟರನ್ನು ಕಳಚಿ ಮದ್ರಾಸಿನ ಎರಡನೇ ಚಾನೆಲ್‌ಗೆ ಒಯ್ಯುವ ನಿರ್ಧಾರವಾಯಿತು. ಜಿಲ್ಲೆಯ ಜನ ಪ್ರತಿಭಟಿಸಿದರು. ಅಹಮದಾಬಾದಿನ ಸಿಗ್ನಲ್ ಸಿಗುತ್ತದಲ್ಲ, ಪೀಜ್ ಯಾಕೆ ಬೇಕು ಎನ್ನುವುದು ಅಧಿಕಾರಿಗಳ ವಾದ. ನಕ್ಷೆಯ ಮೇಲೆ ಸರಿಯಾದ ವಾದವೇ. ಸಿಗ್ನಲ್ ಎಲ್ಲಿಯವರೆಗೆ ಹೋಗುತ್ತದೆ ಎಂದು ಅಳೆಯಲು ಮೀಟರ್ ಇದೆ, ಯಾರ ಮಾತು ಹೋಗುತ್ತದೆ ಎಂದು ಅಳೆಯಲು ಇಲ್ಲ. ಯೋಜನೆ ಕ್ರಮೇಣ ಸೊರಗಿ ನಿಂತಿತು.

ಕಲಬುರಗಿಗೆ ಮೊದಲು ಬಂತು

ಸೈಟ್‌ನ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದು. ಉಳಿದವು ಹಿಂದಿ, ಒಡಿಯಾ, ತೆಲುಗು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಹೀಗಾಗಿ ಕರ್ನಾಟಕದಲ್ಲಿ ಟಿವಿಯನ್ನು ಮೊದಲು ನೋಡಿದ್ದು ಮಹಾನಗರದವರಲ್ಲ, ಉತ್ತರ ಕರ್ನಾಟಕದ ಹಳ್ಳಿಯ ಶಾಲೆಯ ಅಂಗಳದಲ್ಲಿ ಕೂತವರು. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಉಪಗ್ರಹ ಹೊರಟುಹೋದ ಮೇಲೆ ಆ ಹಳ್ಳಿಗಳನ್ನು ಕೈಬಿಡಬಾರದೆಂದು ಜೈಪುರ, ರಾಯಪುರ, ಸಂಬಲಪುರ, ಮುಜಫ್ಫರಪುರ, ಹೈದರಾಬಾದ್ ಜೊತೆಗೆ ಗುಲ್ಬರ್ಗಕ್ಕೂ ನೆಲದ ಟ್ರಾನ್ಸ್‌ಮಿಟರ್ ಕೊಟ್ಟರು. ಅದು 1977. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು.

ಆದರೆ ಪೀಜ್‌ಗೆ ಇದ್ದದ್ದು ಗುಲ್ಬರ್ಗಕ್ಕೆ ಇರಲಿಲ್ಲ. ಸೈಟ್ ಕಾಲದ ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ನೋಡುವವರು ಒಂದು ಕಡೆ, ಮಾಡುವವರು ಇನ್ನೊಂದು ಕಡೆ. ಕಲಬುರಗಿಯಲ್ಲಿ ಸ್ವಂತ ತಯಾರಿಕೆ ಆಮೇಲಿನ ಮಾತು. ಅಲ್ಲಿನ ಕನ್ನಡದ ಲಯ ಟಿವಿಗೆ ಬರಲು ಅಷ್ಟು ಕಾಯಬೇಕಾಯಿತು.

ದಿನಕ್ಕೊಂದು ಟವರ್

1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಹಾರಿತು. ಇನ್ನು ಟ್ರಾನ್ಸ್‌ಮಿಟರನ್ನು ಮೈಕ್ರೋವೇವ್ ಸರಪಳಿಯಿಂದ ಸ್ಟುಡಿಯೊಗೆ ಜೋಡಿಸುವ ಅಗತ್ಯವೇ ಇಲ್ಲ, ಎಲ್ಲಿ ಬೇಕಾದರೂ ಡಿಶ್ ಇಟ್ಟು ಪಕ್ಕದಲ್ಲಿ 100 ವ್ಯಾಟ್ ಇಟ್ಟರೆ ಮುಗಿಯಿತು. 1984ರ ಜುಲೈನಿಂದ ಸುಮಾರು ನಾಲ್ಕು ತಿಂಗಳು ದೇಶದಲ್ಲಿ ಸರಾಸರಿ ದಿನಕ್ಕೊಂದು ಟ್ರಾನ್ಸ್‌ಮಿಟರ್ ಚಾಲೂ ಆಯಿತು. ಎಂಜಿನಿಯರಿಂಗ್ ಸಾಧನೆಯಾಗಿ ಅದು ಸಣ್ಣದಲ್ಲ. ಚುನಾವಣೆಯ ವರ್ಷ ಎಂಬುದನ್ನೂ ಮರೆಯಬೇಕಿಲ್ಲ.

ಮೈಕ್ರೋವೇವ್ ಬಿಟ್ಟು ಉಪಗ್ರಹಕ್ಕೆ ಹೋದದ್ದರಿಂದ ಒಂದು ವಿಚಿತ್ರ ಪರಿಣಾಮವಾಯಿತು. ಬೆಂಗಳೂರಿನಿಂದ ನೂರಿನ್ನೂರು ಕಿ.ಮೀ. ದೂರದ ಕರ್ನಾಟಕದ ಊರಿನ ಎಲ್‌ಪಿಟಿಗೆ ಬೆಂಗಳೂರಿನ ಕನ್ನಡ ಸಿಗುತ್ತಿರಲಿಲ್ಲ, 36,000 ಕಿ.ಮೀ. ಮೇಲಿಂದ ದಿಲ್ಲಿಯ ಹಿಂದಿ ಸಲೀಸಾಗಿ ಸಿಗುತ್ತಿತ್ತು. ಕನ್ನಡವೂ ಉಪಗ್ರಹಕ್ಕೆ ಏರಿ ರಾಜ್ಯದ ಎಲ್ಲ ಟವರುಗಳಿಗೆ ಇಳಿಯಲು ವರ್ಷಗಳು ಹಿಡಿದವು. ಟವರ್ ಹತ್ತಿರ ಬಂದಷ್ಟೂ ಕಾರ್ಯಕ್ರಮ ದೂರ ಹೋಯಿತು.

ಊರಿಗೊಂದು ಕ್ಯಾಮೆರಾ, ವಾರಕ್ಕೊಂದು ಗಂಟೆ ಕೊಡಲು ಆಗುತ್ತಿರಲಿಲ್ಲವೇ? ಉಪಕರಣದ ಖರ್ಚು ಅಡ್ಡಿಯಾಗಿರಲಿಲ್ಲ. ಒಂದು ವಿಡಿಯೊ ಪ್ಲೇಯರ್, ಉಪಗ್ರಹದ ಬದಲು ಅದನ್ನು ಎಕ್ಸೈಟರಿಗೆ ಜೋಡಿಸುವ ಒಂದು ಸ್ವಿಚ್, ಅಷ್ಟಿದ್ದರೆ ತಾಂತ್ರಿಕವಾಗಿ ಎಲ್‌ಪಿಟಿಯೇ ಸ್ಟೇಷನ್. ಆ ಸ್ವಿಚ್ ಒತ್ತುವ ಅಧಿಕಾರ ಯಾರಿಗೆ ಎಂಬುದಕ್ಕೆ ಉತ್ತರ ಇರಲಿಲ್ಲ. ಅಮೆರಿಕದಲ್ಲಿ ಇದೇ ಹೊತ್ತಿಗೆ, 1982ರಲ್ಲಿ, ಅಲ್ಲಿನ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಕಡಿಮೆ ಶಕ್ತಿಯ ಟಿವಿ ಎಂಬ ಪ್ರತ್ಯೇಕ ಸೇವೆ ಶುರುಮಾಡಿ ಸಣ್ಣಪುಟ್ಟ ಸಂಸ್ಥೆಗಳಿಗೂ ಲೈಸೆನ್ಸ್ ಕೊಟ್ಟಿತು, ಸ್ವಂತ ಕಾರ್ಯಕ್ರಮಕ್ಕೂ ಅವಕಾಶವಿತ್ತು. ಷರತ್ತು ಒಂದೇ: ನಿಮ್ಮದು ಎರಡನೇ ದರ್ಜೆ, ದೊಡ್ಡ ಸ್ಟೇಷನ್ ಆ ತರಂಗ ಕೇಳಿದರೆ ಎದ್ದು ಹೋಗಬೇಕು. 2017ರ ತರಂಗ ಹರಾಜಿನ ನಂತರ ಎಷ್ಟೋ ಸಣ್ಣ ಸ್ಟೇಷನ್ನುಗಳು ಹಾಗೆ ಎದ್ದವು. ಉಳಿದವುಗಳ ಅನಲಾಗ್ ಪ್ರಸಾರಕ್ಕೆ 2021ರ ಜುಲೈ 13 ಕೊನೆಯ ದಿನವಾಯಿತು.

ನಮ್ಮಲ್ಲಿ ಎಲ್‌ಪಿಟಿಯನ್ನು ಕೊಂದದ್ದು ಮೊದಲು ಕೇಬಲ್, ಆಮೇಲೆ ದೂರದರ್ಶನದ್ದೇ ಡಿಟಿಎಚ್. 2004ರ ಡಿಸೆಂಬರ್‌ನಲ್ಲಿ ಶುರುವಾದ ಡಿಡಿ ಡೈರೆಕ್ಟ್ ಪ್ಲಸ್, ಈಗಿನ ಫ್ರೀ ಡಿಶ್, ತಿಂಗಳ ಬಾಡಿಗೆಯಿಲ್ಲದೆ ಹತ್ತಾರು ಚಾನೆಲ್ ಕೊಡುತ್ತಿರುವಾಗ ಒಂದೆರಡು ಚಾನೆಲ್‌ಗಾಗಿ ಯಾರು ಆಂಟೆನಾ ತಿರುಗಿಸುತ್ತಾರೆ? ಅನಲಾಗ್ ನಿಲ್ಲಿಸುವುದರಿಂದ ವರ್ಷಕ್ಕೆ ಸುಮಾರು 100 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಪ್ರಸಾರ ಭಾರತಿ ಹೇಳಿತು. 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ನೆಲಪ್ರಸಾರ ತಂದದ್ದೂ ಹೆಚ್ಚು ದೂರ ಹೋಗಲಿಲ್ಲ, ಅದನ್ನು ಹಿಡಿಯುವ ಸೆಟ್ಟುಗಳೇ ಜನರ ಕೈಯಲ್ಲಿ ಇರಲಿಲ್ಲ.

ಈಗ ಮೊಬೈಲಿಗೆ ನೇರ

ಖಾಲಿಯಾದ ಜಾಗಕ್ಕೆ ಹೊಸ ಅಭ್ಯರ್ಥಿ ಡಿ2ಎಂ, ಇಂಟರ್ನೆಟ್ ಇಲ್ಲದೆ ಮೊಬೈಲಿಗೇ ಟಿವಿ ಪ್ರಸಾರ. ಐಐಟಿ ಕಾನ್ಪುರ, ಪ್ರಸಾರ ಭಾರತಿ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದರ ಹಿಂದಿವೆ. ಬಳಸುವುದು ಎಟಿಎಸ್‌ಸಿ 3.0 ಎಂಬ ಮಾನದಂಡ. ಬೆಂಗಳೂರು, ದಿಲ್ಲಿಯ ಕರ್ತವ್ಯ ಪಥ, ನೊಯ್ಡಾಗಳಲ್ಲಿ ಪ್ರಯೋಗವಾಗಿದೆ. 470ರಿಂದ 582 ಮೆಗಾಹರ್ಟ್ಸ್ ಇದಕ್ಕೆ ಮೀಸಲಿಡಬೇಕು ಎಂದು 2024ರ ಜನವರಿಯಲ್ಲಿ ವಾರ್ತಾ ಮತ್ತು ಪ್ರಸಾರ ಇಲಾಖೆ ಒತ್ತಾಯಿಸುವುದಾಗಿ ಹೇಳಿತು, 19 ನಗರಗಳಲ್ಲಿ ಪರೀಕ್ಷೆ ಮಾಡುವುದಾಗಿಯೂ ಹೇಳಿತು. ಫೋನಿಗೆ ಹೊಸ ಚಿಪ್ಪು, ಆಂಟೆನಾ ಬೇಕಾಗುವುದರಿಂದ ಹ್ಯಾಂಡ್‌ಸೆಟ್ ಕಂಪನಿಗಳು, ಡೇಟಾ ಮಾರಾಟಕ್ಕೆ ಹೊಡೆತ ಬೀಳುವುದರಿಂದ ಟೆಲಿಕಾಂ ಕಂಪನಿಗಳು ವಿರೋಧಿಸುತ್ತಿವೆ.

ಇದರಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಮರಳಿ ಬರುವ ಸೂಚನೆ ಇದೆ. 500 ಮೆಗಾಹರ್ಟ್ಸ್‌ನ ತರಂಗ 60 ಸೆಂ.ಮೀ. ಉದ್ದ, ಅದರ ಕಾಲು ಭಾಗವೇ ಒಂದು ಫೋನಿನ ಉದ್ದ. ಹೆಂಚಿನ ಮೇಲಿದ್ದ ಏಣಿಗೆ ಹೋಲಿಸಿದರೆ ಕೈಯಲ್ಲಿರುವ ಫೋನಿಗೆ ಎತ್ತರವೂ ಇಲ್ಲ, ದಿಕ್ಕೂ ಇಲ್ಲ. ಗೋಡೆಯೊಳಗೆ ಕೂತರೆ ಇನ್ನಷ್ಟು ನಷ್ಟ. ಡಿಜಿಟಲ್ ಸಿಗ್ನಲ್‌ಗೆ ಅನಲಾಗ್‌ನಷ್ಟು ಶುದ್ಧತೆ ಬೇಡ ಎಂಬುದರಿಂದ ಒಂದಿಷ್ಟು ಲಾಭ ಬರುತ್ತದೆ, ಆದರೆ ಬಹುಪಾಲು ಈ ನಷ್ಟಕ್ಕೇ ವಜಾ. ಅನಲಾಗ್‌ನಂತೆ ಚುಕ್ಕಿಯ ನಡುವೆಯೂ ಮುಖ ಕಾಣುವ ಸೌಲಭ್ಯವೂ ಇಲ್ಲ, ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಹಾಗಾಗಿ ನಗರದೊಳಗೆ ಒಂದು ದೊಡ್ಡ ಟವರಿನ ಬದಲು ಹಲವು ಸಣ್ಣವು ಬೇಕು.

ಅವೆಲ್ಲ ಒಂದೇ ಚಾನೆಲ್‌ನಲ್ಲಿ ಕೆಲಸ ಮಾಡಬಲ್ಲವು ಎಂಬುದು ಹೊಸ ತಂತ್ರಜ್ಞಾನದ ಹಿರಿಮೆ. ಅನಲಾಗ್‌ನಲ್ಲಿ ನೆರಳಾಗಿ ಕಾಡುತ್ತಿದ್ದ ಎರಡನೇ ಸಿಗ್ನಲ್ ಇಲ್ಲಿ ಸಹಾಯಕ್ಕೆ ಬರುತ್ತದೆ. ಪ್ರತಿ ಸಂಕೇತದ ನಡುವೆ ಒಂದು ಕಾಯುವ ಅವಧಿ ಇಟ್ಟಿರುತ್ತಾರೆ, ಅದು 100 ಮೈಕ್ರೋಸೆಕೆಂಡ್ ಇದ್ದರೆ 30 ಕಿ.ಮೀ. ಹೆಚ್ಚು ದಾರಿ ಸವೆಸಿ ಬಂದ ಸಿಗ್ನಲ್ಲೂ ತಕರಾರಿಲ್ಲದೆ ಸೇರಿಕೊಳ್ಳುತ್ತದೆ. ಆದರೆ ಷರತ್ತು ಕಟುವಾದದ್ದು: ಎಲ್ಲ ಟವರುಗಳೂ ಜಿಪಿಎಸ್ ಗಡಿಯಾರದ ತಾಳಕ್ಕೆ, ಅದೇ ಕ್ಷಣದಲ್ಲಿ, ಅಕ್ಷರಶಃ ಅದೇ ಬಿಟ್‌ಗಳನ್ನು ಕಳಿಸಬೇಕು. ಒಂದು ಟವರ್ ಮಾತ್ರ ತನ್ನ ಊರಿನ ಸುದ್ದಿ ಸೇರಿಸಿದರೆ ಅದರ ಸುತ್ತಲ ಗಡಿಯಲ್ಲಿ ಎರಡೂ ಕೆಡುತ್ತವೆ. 1984ರ ಎಲ್‌ಪಿಟಿಯಲ್ಲಿ ಸ್ಥಳೀಯ ಕಾರ್ಯಕ್ರಮಕ್ಕೆ ಅಡ್ಡಿಯಾದದ್ದು ಅಧಿಕಾರ ಮಾತ್ರ. ಇಲ್ಲಿ ಜಾಲದ ರಚನೆಯೇ ಅಡ್ಡಿ. ದಾರಿ ಇಲ್ಲವೆಂದಲ್ಲ. ಎಟಿಎಸ್‌ಸಿ 3.0ರಲ್ಲಿ ಒಂದೇ ಚಾನೆಲ್‌ನೊಳಗೆ ಬೇರೆ ಬೇರೆ ಕೊಳವೆಗಳನ್ನು ಮಾಡಿ, ಒಂದನ್ನು ಜಿಲ್ಲೆಗೆ ಬಿಡಬಹುದು, ಅಥವಾ ಪಕ್ಕಪಕ್ಕದ ಜಿಲ್ಲೆಗಳಿಗೆ ಬೇರೆ ಚಾನೆಲ್ ಕೊಡಬಹುದು. ಅದನ್ನು ಜಾಲ ಕಟ್ಟುವಾಗಲೇ ಯೋಚಿಸಬೇಕು, ಕಟ್ಟಿದ ಮೇಲೆ ಸೇರಿಸುವುದು ದುಬಾರಿ. ಡಿ2ಎಂ ಬಗ್ಗೆ ನಡೆಯುತ್ತಿರುವ ಚರ್ಚೆ ಮಾತ್ರ ಡೇಟಾ ಉಳಿತಾಯ, ಕ್ರಿಕೆಟ್, ವಿಪತ್ತಿನ ಮುನ್ನೆಚ್ಚರಿಕೆ, ಇವುಗಳ ಸುತ್ತಲೇ ಇದೆ. ಅಂದ ಹಾಗೆ, ವಿಪತ್ತಿನ ಮುನ್ನೆಚ್ಚರಿಕೆಗಿಂತ ಸ್ಥಳೀಯವಾದದ್ದು ಇನ್ನೇನಿದೆ? ಕೊಡಗಿನ ಭೂಕುಸಿತದ ಎಚ್ಚರಿಕೆ ಬೀದರಿನ ಫೋನಿಗೆ ಯಾಕೆ ಬೇಕು?

ರೇಡಿಯೊದಲ್ಲಿ ಈ ದಾರಿ ಅರ್ಧ ತೆರೆದಿದೆ. ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮೇಲೆ, 2006ರ ನೀತಿಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ 100 ವ್ಯಾಟಿನ ಸಮುದಾಯ ರೇಡಿಯೊಗೆ ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ಲೈಸೆನ್ಸ್ ಇಲ್ಲದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ನಮ್ಮ ಧ್ವನಿ, ತರಂಗ ಮುಟ್ಟದೆ ಕೇಬಲ್ ಮೂಲಕವೇ ಮನೆಮನೆಗೆ ಧ್ವನಿ ಮುಟ್ಟಿಸಿತ್ತು. ಟಿವಿಗೆ ಅಂಥ ನೀತಿ ಇಲ್ಲ. ನೆಲದ ಟವರಿನಿಂದ ಟಿವಿ ಪ್ರಸಾರ ಮಾಡುವ ಹಕ್ಕು ದೂರದರ್ಶನದ್ದು ಮಾತ್ರ.

ಹೀಗಾಗಿ ಜಿಲ್ಲೆ, ತಾಲ್ಲೂಕು ಮಟ್ಟದ ಟಿವಿ ಎಂದರೆ ಇವತ್ತು ಕೇಬಲ್‌ನವರ ಲೋಕಲ್ ಚಾನೆಲ್. ಜಾತ್ರೆಯ ತೇರು, ನಗರಸಭೆ ಗಲಾಟೆ, ಚಿನ್ನದಂಗಡಿ ಜಾಹೀರಾತು, ಎಲ್ಲ ಅಲ್ಲೇ. ಕಾನೂನಿನ ಕಣ್ಣಿಗೆ ಅದು 'ಪ್ಲಾಟ್‌ಫಾರ್ಮ್ ಸರ್ವಿಸ್'. 2022ರ ನವೆಂಬರ್ 30ರ ಮಾರ್ಗಸೂಚಿ ಪ್ರಕಾರ ಕೇಬಲ್ ಸಂಸ್ಥೆ ಪ್ರತಿ ಚಾನೆಲ್‌ಗೆ 1,000 ರೂಪಾಯಿ ಕಟ್ಟಿ ನೋಂದಾಯಿಸಬೇಕು, ಇಂಥ ಚಾನೆಲ್‌ಗಳು ಒಟ್ಟು ಸಾಮರ್ಥ್ಯದ ಶೇ 5 ಮೀರಬಾರದು, ಸ್ಥಳೀಯ ಸುದ್ದಿ ಕೊಡಬೇಕೆಂದರೆ ಸಂಸ್ಥೆ ಕಂಪನಿಯಾಗಿರಬೇಕು. ಸಂಘವೋ ಸಹಕಾರಿಯೋ ಆಗಿ ಸುದ್ದಿ ಕೊಡುವಂತಿಲ್ಲ. ಪೀಜ್‌ನ ಟಿವಿ ಕೂತಿದ್ದ ಹಾಲಿನ ಸೊಸೈಟಿ ಇವತ್ತು ತನ್ನದೇ ಸುದ್ದಿ ಚಾನೆಲ್ ಮಾಡಲು ಹೊರಟರೆ, ಈ ನಿಯಮದಡಿ ಮೊದಲು ಕಂಪನಿ ಕಾಯ್ದೆಯಲ್ಲಿ ನೋಂದಣಿ ಮಾಡಿಸಿಕೊಂಡು ಬರಬೇಕು.